ಚಳಿಗೆ ಮೊದಲೇ ಫರ್ನೇಸ್ ತಪಾಸಣೆ ಮಾಡಿಸಿ
ಮಿನಿಯಾಪೊಲಿಸ್ ಗುಂಪಿನ ಎಲ್ಲರಿಗೂ ನಮಸ್ಕಾರ.

ಅಕ್ಟೋಬರ್ ಮುಗಿಯುವುದರೊಳಗೆ ಮನೆಯನ್ನು ಬೆಚ್ಚಗಿಡುವ ಗ್ಯಾಸ್ ಫರ್ನೇಸನ್ನು ನುರಿತ ತಂತ್ರಜ್ಞರಿಂದ ಪರೀಕ್ಷೆ ಮಾಡಿಸಿ. ಜನವರಿಯ ಮೈನಸ್ 25 ಡಿಗ್ರಿ ಚಳಿಯಲ್ಲಿ ಅದು ನಿಂತುಹೋದರೆ ನೀರಿನ ಕೊಳವೆಗಳೂ ಹೆಪ್ಪುಗಟ್ಟಿ ಒಡೆಯಬಹುದು.

ನನಗೆ ಅದಕ್ಕಿಂತ ಹೆಚ್ಚಿನ ಭಯ ಕಾರ್ಬನ್ ಮಾನಾಕ್ಸೈಡಿನದು. ಫರ್ನೇಸಿನ ಒಳಭಾಗ ಬಿರುಕು ಬಿಟ್ಟರೆ, ಇಲ್ಲವೇ ಹೊರಗೋಡೆಯ ಹೊಗೆಕೊಳವೆಯ ಬಾಯಿ ಹಿಮದಿಂದ ಮುಚ್ಚಿದರೆ, ಈ ವಿಷಾನಿಲ ಮನೆಯೊಳಗೆ ಸೇರಬಹುದು. ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ತಿಳಿಯುವುದೇ ಇಲ್ಲ. ಪ್ರತಿ ಮಲಗುವ ಕೋಣೆಯ 10 ಅಡಿಯೊಳಗೆ ಇದರ ಅಲಾರಂ ಇರಬೇಕೆಂದು ನಮ್ಮ ಮಿನ್ನೆಸೋಟ ರಾಜ್ಯದ ಕಾನೂನೇ ಹೇಳುತ್ತದೆ. ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ ಅವರಿಗೂ ದಯವಿಟ್ಟು ಹೇಳಿಕೊಡಿ: ಅದು ಕೂಗಿದ ಕೂಡಲೇ ಹೊರಗೆ ಬಂದು ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಬೇಕು.

ಫರ್ನೇಸಿನ ಫಿಲ್ಟರನ್ನು ತಿಂಗಳಿಗೊಮ್ಮೆ ನೋಡಿ, ಕೊಳೆಯಾಗಿದ್ದರೆ ಬದಲಿಸಿ. ತಂತ್ರಜ್ಞರ ಸಂಪರ್ಕ ಬೇಕಾದವರು ಇಲ್ಲಿಯೇ ಕೇಳಿ.