ಫೀಸು ಕಟ್ಟಿದವರಿಗೂ ಜೊತೆ ನಿಂತವರಿಗೂ ವಂದನೆ

ಪುಣೆಯ ನಮ್ಮ ಕನ್ನಡ ಕ್ರೈಸ್ತ ಸಭೆಯ ವಿದ್ಯಾನಿಧಿಯಿಂದ ಓದಿದ ಮೊದಲ ತಂಡದ ಮಕ್ಕಳು ಐಟಿಐ ಮತ್ತು ಜಿಎನ್‌ಎಂ ನರ್ಸಿಂಗ್ ಮುಗಿಸಿದ್ದಾರೆ. ದೇವರಿಗೆ ಸ್ತೋತ್ರ. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂದು ಕರ್ತನು ಹೇಳಿದ್ದರಿಂದ ಯಾರ ಹೆಸರನ್ನೂ ಬರೆಯುತ್ತಿಲ್ಲ. ಆದರೆ ನೀವು ಮಾಡಿದ ಕೆಲಸ ಏನೆಂದು ಹೇಳಲೇಬೇಕು, ಬೇರೆ ಸಭೆಗಳಿಗೂ ಉಪಯೋಗವಾದೀತು.

ಹಣ ಕೊಟ್ಟವರು ಅದನ್ನು ಸಾಲವಾಗಿ ಕೊಡಲಿಲ್ಲ, ಕಾಣಿಕೆಯಾಗಿ ಕೊಟ್ಟರು. ಸಭೆಯೊಳಗೆ ಸಾಲ ಕೊಟ್ಟರೆ, ಕಂತು ತಪ್ಪಿದವರು ಮುಖ ತೋರಿಸಲಾಗದೆ ಭಾನುವಾರದ ಆರಾಧನೆಗೂ ಬರುವುದನ್ನು ಬಿಡುತ್ತಾರೆ. ಫೀಸು ನೇರವಾಗಿ ಸಂಸ್ಥೆಯ ಖಾತೆಗೇ ಹೋಯಿತು. ಸಭೆಗೆ ಬರಲೇಬೇಕೆಂಬ ಷರತ್ತನ್ನೂ ಯಾರೂ ಹಾಕಲಿಲ್ಲ.

ನಿಜವಾದ ಕಷ್ಟ ಫೀಸಿನದಲ್ಲ. ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಮನೆಗಳಲ್ಲಿ ದುಡಿಯುವ ವಯಸ್ಸಿನ ಮಗ ಎರಡು ವರ್ಷ ಎಲೆಕ್ಟ್ರಿಷಿಯನ್ ಕಲಿಯಲು ಕೂತರೆ ಅವನ ಕೂಲಿ ನಿಲ್ಲುತ್ತದೆ. ಬಸ್ ಪಾಸು, ಸೇಫ್ಟಿ ಶೂ, ಮಲ್ಟಿಮೀಟರ್, ಪ್ಲಯರ್ ಎಂದು ಖರ್ಚು ಬೇರೆ. ಇದನ್ನು ಅರಿತು ತಿಂಗಳು ತಿಂಗಳು ಆ ಮನೆಗಳಿಗೆ ಜೋಳ, ಬೇಳೆ, ಎಣ್ಣೆ ಮುಟ್ಟಿಸಿದ ಸ್ತ್ರೀಸಂಘದ ತಾಯಂದಿರೇ, ಮಕ್ಕಳು ನಡುವೆ ಓದು ಬಿಡದಿರಲು ನೀವೇ ಕಾರಣ.

ದಾಖಲೆಗಳ ಹಿಂದೆ ಅಲೆದ ಅಣ್ಣಂದಿರಿಗೆ ವಿಶೇಷ ವಂದನೆ. ಕರ್ನಾಟಕದ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಇನಿಷಿಯಲ್ ಇರುತ್ತದೆ. ಇಲ್ಲಿನ ಅರ್ಜಿಯಲ್ಲಿ ಮೊದಲು ಅಡ್ಡಹೆಸರು, ಆಮೇಲೆ ಸ್ವಂತ ಹೆಸರು, ತಂದೆಯ ಹೆಸರು. ಆಧಾರ್‌ನಲ್ಲಿ ಮೂರನೆಯ ರೂಪ! ಪ್ರವೇಶದ ಹೊತ್ತಿಗೆ ಇದನ್ನು ಸರಿಪಡಿಸಲು ಹೊರಟರೆ ಸೀಟು ಕೈತಪ್ಪುತ್ತದೆ. ಡೊಮಿಸೈಲ್ ಅಂದರೆ ನಿವಾಸಿ ಪ್ರಮಾಣಪತ್ರಕ್ಕೆ ಮಹಾರಾಷ್ಟ್ರದಲ್ಲಿ 15 ವರ್ಷ ವಾಸವಿದ್ದ ಪುರಾವೆ ಕೇಳುತ್ತಾರೆ. ಕಟ್ಟಡದಿಂದ ಕಟ್ಟಡಕ್ಕೆ ಶೆಡ್ ಬದಲಿಸುವವರ ಬಳಿ ಕರೆಂಟ್ ಬಿಲ್ಲು ಎಲ್ಲಿರಬೇಕು? ಇಲ್ಲಿನ ಶಾಲೆಗಳ ದಾಖಲೆಗಳನ್ನು ಒಂದೊಂದಾಗಿ ಕೂಡಿಸಿದವರು ನೀವು.

ಐಟಿಐಯಲ್ಲಿ 80% ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಮದುವೆ, ಜಾತ್ರೆ ಎಂದು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋದವರು ಎರಡು ವಾರ ಉಳಿದುಬಿಡುತ್ತಾರೆ. ವಾರಕ್ಕೊಮ್ಮೆ ಫೋನ್ ಮಾಡಿ ಹಾಜರಾತಿ ವಿಚಾರಿಸಿದ ಹಿರಿಯರಿಗೆ ನಾವು ಋಣಿ. ನರ್ಸಿಂಗ್ ಹುಡುಗಿಯರಿಗೆ ಡ್ರಿಪ್ಪಿನ ಲೆಕ್ಕ ಕಲಿಸಿದ ನಿವೃತ್ತ ಸಿಸ್ಟರ್‌ಗೂ ಹಾಗೆಯೇ: 500 ಎಂಎಲ್ ಸಲೈನ್, 4 ಗಂಟೆ, ಎಂಎಲ್‌ಗೆ 20 ಹನಿಯ ಸೆಟ್ ಆದರೆ 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಬೇಕು, ನಿಮಿಷಕ್ಕೆ ಸುಮಾರು 42 ಹನಿ. ಗಂಟೆಯನ್ನು ನಿಮಿಷ ಮಾಡದೆ ಭಾಗಿಸುವುದೇ ಮಕ್ಕಳು ಮಾಡುವ ತಪ್ಪು ಎಂದು ಅವರು ಬಿಡದೆ ತಿದ್ದಿದರು.

ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಬಾರ್ನಬನು ಹೊಲ ಮಾರಿ ಹಣ ತಂದಿಟ್ಟದ್ದು ಒಂದೇ ವಚನದಲ್ಲಿ ಮುಗಿಯುತ್ತದೆ. ಆದರೆ ಎಲ್ಲರೂ ಹೆದರುತ್ತಿದ್ದ ಸೌಲನನ್ನು (ಮುಂದೆ ಪೌಲನಾದವನನ್ನು) ಅಪೊಸ್ತಲರ ಬಳಿಗೆ ಕರೆತಂದವನೂ ಅವನೇ. ಮುಂದೆ ತಾರ್ಸಕ್ಕೆ ಹೋಗಿ ಅವನನ್ನು ಹುಡುಕಿ, ಅಂತಿಯೋಕ್ಯಕ್ಕೆ ಕರೆತಂದು, ವರ್ಷವೆಲ್ಲ ಅವನ ಜೊತೆ ದುಡಿದ. ನೀವು ಮಾಡಿದ್ದೂ ಈ ಎರಡನೆಯ ಬಗೆಯ ಕೊಡುಗೆ.

ಮುಂದಿನ ತಂಡದ ಹೆತ್ತವರು ಹೆಸರಿನ ತಿದ್ದುಪಡಿಯನ್ನು ಈಗಲೇ ಶುರುಮಾಡಿ. ಐಟಿಐ ಪಾಠ ಹೆಚ್ಚಾಗಿ ಮರಾಠಿಯಲ್ಲಿ ನಡೆಯುವುದರಿಂದ, ಸಂಜೆ ಮರಾಠಿ ಹೇಳಿಕೊಡಬಲ್ಲವರು ಆರಾಧನೆಯ ನಂತರ ಸಭಾಪಾಲಕರನ್ನು ಕಾಣಬೇಕಾಗಿ ವಿನಂತಿ.