ಇಂಟರ್‌ಕಾಮ್‌ಗಾಗಿ ಹೆಲ್ಮೆಟ್ ಕೆತ್ತಬೇಡಿ

ಮಾನ್ಯ ಸಂಪಾದಕರೆ,

ಹೆಲ್ಮೆಟ್‌ಗೆ ಬ್ಲೂಟೂತ್ ಇಂಟರ್‌ಕಾಮ್ (ಸವಾರರು ಓಡಿಸುತ್ತಲೇ ಪರಸ್ಪರ ಮಾತಾಡುವ ಸಾಧನ) ಹಾಕುವಾಗ ಸ್ಪೀಕರ್ ಕೂರಿಸಲೆಂದು ಒಳಗಿನ ಥರ್ಮಾಕೋಲ್ ಕೆತ್ತುವುದು ದೊಡ್ಡ ತಪ್ಪು. ಬಿದ್ದಾಗ ಪೆಟ್ಟು ಹೀರುವುದೇ ಆ ಪದರ. ಕಿವಿಯ ಬಳಿ ಮೊದಲೇ ಕುಳಿ ಇರುವ, ಐಎಸ್‌ಐ ಗುರುತಿನ ಹೆಲ್ಮೆಟ್ಟನ್ನೇ ಕೊಳ್ಳಬೇಕು; ಮಾರುವವರೂ ಇದನ್ನು ಹೇಳಬೇಕು. 40 ಮಿ.ಮೀ. ಸ್ಪೀಕರ್ ಕಿವಿರಂಧ್ರಕ್ಕೆ ನೇರವಾಗಿರಲಿ. ಬೆರಳಷ್ಟು ಸರಿದರೂ ದನಿ ಕುಗ್ಗುತ್ತದೆ, ಜನ ಸ್ಪೀಕರನ್ನೇ ಬೈಯುತ್ತಾರೆ! ಪೂರ್ತಿ ಮುಚ್ಚಿದ ಹೆಲ್ಮೆಟ್‌ಗೆ ಗುಂಡಿ ಮೈಕ್, ಮುಖ ತೆರೆದದ್ದಕ್ಕೆ ಕಡ್ಡಿ ಮೈಕ್. ಮೈಕಿನ ಸ್ಪಂಜು ಕಳೆದರೆ ಬರೀ ಗಾಳಿಯ ಸದ್ದು. ಇಬ್ಬರಿಗೆ ಬ್ಲೂಟೂತ್ ಸಾಕು. ನಾಲ್ಕಾರು ಬೈಕ್‌ಗಳಿದ್ದರೆ ಮೆಶ್ (ಸಾಧನಗಳು ಬಲೆಯಂತೆ ಒಂದಕ್ಕೊಂದು ಬೆಸೆದುಕೊಳ್ಳುವ ಬಗೆ) ಲೇಸು, ಒಬ್ಬರು ಹಿಂದುಳಿದರೂ ಉಳಿದವರ ಮಾತು ಕಡಿಯದು. ನಮ್ಮ ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಹೆಲ್ಮೆಟ್ಟನ್ನು ಬೈಕಿನ ಕನ್ನಡಿಗೆ ತೂಗುಹಾಕಿ ಹೋದರೆ ಇಂಟರ್‌ಕಾಮ್‌ನ ಲಿಥಿಯಂ ಬ್ಯಾಟರಿ ಬೇಗ ಕೆಡುತ್ತದೆ.

– ಬೈಕ್ ಸವಾರರು, ವಿಜಯಪುರ