48 ಕೆಜಿಯೇ ಬೇಕು ಅನ್ನುವ ಪುಟ್ಟಿಗೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿಮ್ಮಮ್ಮ ಫೋನ್ ಮಾಡಿದ್ದಳು. ಜೂಡೋ ಸೆಲೆಕ್ಷನ್ ಹತ್ತಿರ ಬಂತು, 48 ಕೆಜಿ ವಿಭಾಗದಲ್ಲೇ ಆಡಬೇಕು ಅಂತ ಇವಳು ರಾತ್ರಿ ಊಟ ಬಿಟ್ಟಿದ್ದಾಳೆ, ನೀರನ್ನೂ ಅಳೆದು ಕುಡಿಯುತ್ತಾಳೆ ಅಂದಳು. ಕೆಲವು ತಿಂಗಳಿಂದ ನಿನಗೆ ಮುಟ್ಟಾಗಿಲ್ಲ ಅನ್ನುವುದನ್ನು ಕೊನೆಗೆ, ದನಿ ಇಳಿಸಿ ಹೇಳಿದಳು. ಅದನ್ನೇ ಮೊದಲು ಹೇಳಬೇಕಿತ್ತು. ಇರಲಿ. ಫೋನಿನಲ್ಲಿ ಮಾತಾಡಿದರೆ ನೀನು "ಸರಿ ದೊಡ್ಡಮ್ಮ, ಸರಿ ದೊಡ್ಡಮ್ಮ" ಅಂತ ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

"ದಾರಿಯಾ ಬಿಲೊದಿದ್ ಕೂಡ 48ರಲ್ಲೇ ವಿಶ್ವ ಚಾಂಪಿಯನ್ ಆಗಿದ್ದು, ಅವಳು ನನಗಿಂತ ಎತ್ತರ" ಅಂತ ಅಮ್ಮನ ಹತ್ತಿರ ವಾದ ಮಾಡಿದೆಯಂತೆ. ಸರಿ, ಆ ಉಕ್ರೇನಿನ ಜೂಡೋ ಆಟಗಾರ್ತಿಯ ವಿಷಯವನ್ನೇ ಮಾತಾಡೋಣ. ರಿಟೈರ್ ಆದ ಮೇಲೆ ನನಗೂ ಟೈಮ್ ಇದೆ. ನೀನು ಜೂಡೋಗೆ ಸೇರಿದಾಗಿನಿಂದ ಅವಳ ಪಂದ್ಯಗಳನ್ನು ನಾನೂ ನೋಡುತ್ತಾ ಬಂದಿದ್ದೇನೆ. ನೀನು ಹೇಳುವುದು ಅವಳ ಕಥೆಯ ಮೊದಲರ್ಧ ಮಾತ್ರ.

ಆ ಮೊದಲರ್ಧ ಅದ್ಭುತವಾಗಿದೆ, ಒಪ್ಪಿದೆ. ಕೀವ್‌ನ ಹುಡುಗಿ, ಹುಟ್ಟಿದ್ದು 2000ದ ಅಕ್ಟೋಬರ್. ಅಪ್ಪ ಗೆನ್ನಾದಿ ಬಿಲೊದಿದ್ 2001ರಲ್ಲೂ 2005ರಲ್ಲೂ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದವರು. ಅಮ್ಮ ಸ್ವಿತ್ಲಾನಾ ಕೂಡ ಜೂಡೋ ಆಡಿದವರು, ಮಗಳಿಗೆ ಕೋಚ್ ಆದವರು. ಚಿಕ್ಕವಳಿದ್ದಾಗ ರಿದಮಿಕ್ ಜಿಮ್ನಾಸ್ಟಿಕ್ಸ್ ಕಲಿತಿದ್ದಳಂತೆ. ಅವಳ ಕಾಲು ತಿರುಗುವ ರೀತಿ ನೋಡಿದರೆ ನಂಬಬಹುದು. 2017ರಲ್ಲಿ, ಇನ್ನೂ 16 ವರ್ಷಕ್ಕೇ, ವಾರ್ಸಾದಲ್ಲಿ ಯೂರೋಪಿಯನ್ ಚಾಂಪಿಯನ್. ಮರುವರ್ಷ ಬಾಕುನಲ್ಲಿ ವಿಶ್ವ ಚಾಂಪಿಯನ್. ಆಗ ಅವಳಿಗೆ 18 ತುಂಬಿರಲಿಲ್ಲ. ಜಪಾನಿನ ರ್‍ಯೋಕೊ ತಾನಿ 1993ರಲ್ಲಿ ಮಾಡಿದ್ದ ಅತಿ ಕಿರಿಯ ವಿಶ್ವ ಚಾಂಪಿಯನ್ ಅನ್ನುವ ದಾಖಲೆ ಅಂದು ಮುರಿಯಿತು. 2019ರಲ್ಲಿ ಟೋಕಿಯೊದ ನಿಪ್ಪಾನ್ ಬುದೋಕಾನ್‌ನಲ್ಲಿ ಮತ್ತೆ ಚಿನ್ನ. ಎರಡು ಫೈನಲ್‌ಗಳಲ್ಲೂ ಸೋತವಳು ಒಬ್ಬಳೇ, ಜಪಾನಿನ ಫುನಾ ತೊನಾಕಿ. ಅವಳೇನು ಸಾಮಾನ್ಯಳಲ್ಲ, 2017ರ ವಿಶ್ವ ಚಾಂಪಿಯನ್.

ಇಲ್ಲಿ ಸ್ವಲ್ಪ ನಿಲ್ಲು. ತೊನಾಕಿ ಎತ್ತರ 148 ಸೆಂ.ಮೀ., ಬಿಲೊದಿದ್ ಎತ್ತರ 172. ಇಬ್ಬರೂ ಒಂದೇ ತೂಕದ ವಿಭಾಗ. ಎತ್ತರದವಳ ಕೈ ಎದುರಾಳಿಯ ಹೆಗಲು ದಾಟಿ ಬೆನ್ನಿನ ಬೆಲ್ಟ್ ಹತ್ತಿರ ಹೋಗುತ್ತದೆ. ಉದ್ದನೆಯ ಕಾಲು ಒಳಗಿನಿಂದ ಬಂದು ಕೊಕ್ಕೆ ಹಾಕುತ್ತದೆ. ನೀನು ಮನೆಯ ಹಾಲಿನಲ್ಲಿ ತಮ್ಮನ ಮೇಲೆ ಪ್ರಯೋಗ ಮಾಡಿದ ಆ ಓ-ಉಚಿ-ಗಾರಿಯೇ. ನೋಡೋಕೆ ಚೆಂದ. ಆದರೆ ನಾನು ನರ್ಸ್ ಆಗಿದ್ದವಳು, ನನ್ನ ಕಣ್ಣು ಬೇರೆ ಕಡೆ ಹೋಗುತ್ತದೆ. ಕಾಗದ ತಗೊಂಡು ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ ಹಾಕಿದೆ. ತೊನಾಕಿಗೆ 48 ಕೆಜಿ ಅಂದರೆ 21.9. ಬಿಲೊದಿದ್‌ಗೆ ಅದೇ 48 ಕೆಜಿ ಅಂದರೆ 16.2. ವಯಸ್ಕರಲ್ಲಿ 18.5ಕ್ಕಿಂತ ಕಡಿಮೆ ಇದ್ದರೆ ತೂಕ ಸಾಲದು ಅಂತ ನಾವು ಬರೆಯುತ್ತಿದ್ದೆವು. ಆಟಗಾರರಿಗೆ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ, ಬೆಳೆಯುವ ಮಕ್ಕಳಿಗೆ ಬೇರೆ ಚಾರ್ಟ್ ಇದೆ, ಅದೂ ಗೊತ್ತು. ಆದರೂ 16 ಅನ್ನೋ ಸಂಖ್ಯೆ ಕಂಡರೆ ಯಾವ ನರ್ಸೂ ಸುಮ್ಮನೆ ಮುಂದಿನ ಬೆಡ್‌ಗೆ ಹೋಗುವುದಿಲ್ಲ.

ಈಗ ಉಳಿದರ್ಧ ಕೇಳು.

ಕೋವಿಡ್‌ನಿಂದ ಟೋಕಿಯೊ ಒಲಿಂಪಿಕ್ಸ್ ಒಂದು ವರ್ಷ ತಡವಾಯಿತು. ದೊಡ್ಡವರಿಗೆ ಅದು ಬರೀ ಒಂದು ವರ್ಷ. ಬೆಳೆಯುವ ಹುಡುಗಿಯ ದೇಹಕ್ಕೆ ಹಾಗಲ್ಲ. 2021ರ ಜುಲೈ 24, ನಮ್ಮ ಮೀರಾಬಾಯಿ ಚಾನು ಬೆಳ್ಳಿ ಎತ್ತಿದ ದಿನ. ನಾವೆಲ್ಲ ಆ ಕಡೆ ನೋಡುತ್ತಿದ್ದೆವು. ಅದೇ ದಿನ 48 ಕೆಜಿ ಜೂಡೋ ನಡೆಯಿತು. ಭಾರತದಿಂದ ಜೂಡೋಗೆ ಹೋಗಿದ್ದ ಒಬ್ಬಳೇ ಹುಡುಗಿ, ಮಣಿಪುರದ ಸುಶೀಲಾ ಲಿಕ್ಮಾಬಾಮ್, ಹಂಗೇರಿಯ ಚೆರ್ನೊವಿಚ್ಕಿ ಎದುರು ಮೊದಲ ಪಂದ್ಯದಲ್ಲೇ ಸೋತಳು. ಬಿಲೊದಿದ್ ಸೆಮಿಫೈನಲ್ ತನಕ ಬಂದಳು. ಎದುರಿಗೆ ಮತ್ತೆ ತೊನಾಕಿ. ಈ ಸಲ ತೊನಾಕಿ ಗೆದ್ದಳು. ಆಮೇಲೆ ಇಸ್ರೇಲಿನ ಶಿರಾ ರಿಶೊನಿಯನ್ನು ಸೋಲಿಸಿ ಬಿಲೊದಿದ್ ಕಂಚು ತಗೊಂಡಳು. ಆ ಒಲಿಂಪಿಕ್ಸ್‌ನಲ್ಲಿ ಉಕ್ರೇನಿಗೆ ಅದೇ ಮೊದಲ ಪದಕ. ತೂಕದಿಂದಲೇ ಸೋತಳು ಅಂತ ನಾನು ಹೇಳುವುದಿಲ್ಲ, ತೊನಾಕಿ ಚೆನ್ನಾಗಿ ಆಡಿದಳು. ಆದರೆ ಅದಾದ ಮೇಲೆ ಬಿಲೊದಿದ್ ಮಾಡಿದ್ದೇನು? 48 ಬಿಟ್ಟಳು. 52ಕ್ಕೂ ಹೋಗಲಿಲ್ಲ, ನೇರ 57. ಮತ್ತೆ ಲೆಕ್ಕ ಹಾಕಿದೆ. 172 ಸೆಂ.ಮೀ.ಗೆ 52 ಕೆಜಿ ಅಂದರೆ 17.6, ಅದೂ ಸಾಲದು. 57 ಅಂದರೆ 19.3. ಅವಳ ಮನೆಯಲ್ಲಿ ಇಬ್ಬರು ಜೂಡೋ ಬಲ್ಲವರು ಕೂತು ಯೋಚನೆ ಮಾಡಿದ ತೀರ್ಮಾನ ಅಂತ ನನಗೆ ಅನ್ನಿಸುತ್ತದೆ.

57ರಲ್ಲಿ ಅವಳ ದಾರಿ ಸುಲಭವಾಗಲಿಲ್ಲ, ಇದನ್ನೂ ಮುಚ್ಚಿಡುವುದಿಲ್ಲ. ಅಲ್ಲಿ ಎದುರಾಳಿಗಳಿಗೂ ಉದ್ದನೆ ಕೈ ಇರುತ್ತದೆ, ಸೊಂಟದಲ್ಲಿ ಬಲ ಜಾಸ್ತಿ. ಎತ್ತರ ಒಂದನ್ನೇ ನಂಬಿ ಗೆಲ್ಲೋಕೆ ಆಗುವುದಿಲ್ಲ. 2022ರ ಫೆಬ್ರವರಿಯಲ್ಲಿ ಅವಳ ದೇಶದ ಮೇಲೆ ರಷ್ಯಾದ ಯುದ್ಧವೇ ಬಂತು. ಹೊಸ ತೂಕಕ್ಕೆ ಮೈ ಕಟ್ಟಬೇಕಾದ ಹೊತ್ತಿನಲ್ಲಿ ಊರು ಬಿಟ್ಟು ಬೇರೆ ದೇಶಗಳಲ್ಲಿ ತರಬೇತಿ. ಪುಟಿನ್ ಅವರನ್ನೇ ಗೌರವ ಅಧ್ಯಕ್ಷ ಅಂತ ಇಟ್ಟುಕೊಂಡಿದ್ದ ಅಂತಾರಾಷ್ಟ್ರೀಯ ಜೂಡೋ ಫೆಡರೇಷನ್ ಆಗ ಅವರನ್ನು ತೆಗೆಯಿತು. ಆದರೆ 2023ರ ದೋಹಾ ವಿಶ್ವ ಚಾಂಪಿಯನ್‌ಶಿಪ್‌ಗೆ ರಷ್ಯಾದವರನ್ನು ತಟಸ್ಥರು ಅನ್ನುವ ಹೆಸರಲ್ಲಿ ಬಿಟ್ಟುಕೊಂಡಿತು. ಉಕ್ರೇನ್ ತಂಡ ಆ ಕೂಟಕ್ಕೇ ಹೋಗಲಿಲ್ಲ. ಬಿಲೊದಿದ್‌ಗೆ ಆಗ 22. ಆ ವಯಸ್ಸಲ್ಲಿ ಒಂದು ವಿಶ್ವ ಚಾಂಪಿಯನ್‌ಶಿಪ್ ಕೈ ತಪ್ಪುವುದು ಎಷ್ಟು ದೊಡ್ಡ ನಷ್ಟ ಅಂತ ನನಗಿಂತ ನಿನಗೆ ಚೆನ್ನಾಗಿ ಗೊತ್ತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 57ರಲ್ಲಿ ಆಡಿದಳು, ಪದಕ ಬರಲಿಲ್ಲ.

"ನೋಡಿದೆಯಾ, ತೂಕ ಬದಲಿಸಿ ಕೆಟ್ಟಳು" ಅನ್ನುತ್ತೀಯ, ಅಲ್ವಾ? ಟೋಕಿಯೊದಲ್ಲಿ 48ರ ಚಿನ್ನ ಗೆದ್ದವಳು ಯಾರು ಹೇಳು. ಕೊಸೊವೊದ ದಿಸ್ತ್ರಿಯಾ ಕ್ರಾಸ್ನಿಚಿ. ಅವಳೂ ಮೇಲಿನ ತೂಕಕ್ಕೆ ಹೋದಳು, ಪ್ಯಾರಿಸ್‌ನಲ್ಲಿ 52ರಲ್ಲಿ ಬೆಳ್ಳಿ ತಂದಳು. ಚಿನ್ನ ಗೆದ್ದ ತೂಕವನ್ನೇ ಬಿಟ್ಟು ಹೋಗೋಕೆ ಅವಳಿಗೆ ಆಯಿತು. ನಿನಗೆ ಜಿಲ್ಲಾ ಮಟ್ಟದ ಪದಕ ಕೊಟ್ಟ ತೂಕವನ್ನು ಬಿಡೋಕೆ ಯಾಕೆ ಆಗುವುದಿಲ್ಲ?

ಕುಸ್ತಿಯ ವಿನೇಶ್ ಫೋಗಟ್ ವಿಷಯ ಇಡೀ ದೇಶಕ್ಕೆ ಗೊತ್ತು. 53ರಲ್ಲಿ ಆಡುತ್ತಿದ್ದವಳು 50ಕ್ಕೆ ಇಳಿದಳು, ಪ್ಯಾರಿಸ್‌ನಲ್ಲಿ ಫೈನಲ್ ತಲುಪಿದಳು. ಫೈನಲ್ ದಿನ ಬೆಳಿಗ್ಗೆ 100 ಗ್ರಾಂ ಜಾಸ್ತಿ ಬಂತು. ಅಂಥ ಅನುಭವಿಗೇ, ಜೊತೆಗೆ ವೈದ್ಯರ ತಂಡ ಇದ್ದವಳಿಗೇ ಹಾಗಾಯಿತು. ನಿನ್ನ ಹತ್ತಿರ ಯಾವ ತಂಡ ಇದೆ? ಯೂಟ್ಯೂಬ್ ಇದೆ.

ಜೂಡೋದಲ್ಲಿ ತೂಕ ನೋಡುವುದು ಹಿಂದಿನ ಸಂಜೆ, ಆಮೇಲೆ ರಾತ್ರಿ ತಿಂದು ಸರಿ ಮಾಡಿಕೊಳ್ಳುತ್ತೇನೆ ಅನ್ನುತ್ತೀಯಂತೆ. ದೊಡ್ಡ ಕೂಟಗಳಲ್ಲಿ ಬೆಳಿಗ್ಗೆ ಕೆಲವರನ್ನು ಆರಿಸಿ ಮತ್ತೆ ತೂಗುತ್ತಾರೆ, ಶೇಕಡಾ 5ಕ್ಕಿಂತ ಜಾಸ್ತಿ ಏರಿರಬಾರದು. 48ರವಳು 50.4 ಕೆಜಿ ದಾಟುವ ಹಾಗಿಲ್ಲ. ಯಾಕೆ ಈ ನಿಯಮ ಮಾಡಿದರು? ನಿನ್ನ ಹಾಗೆ ಯೋಚಿಸುವವರು ತುಂಬಾ ಜನ ಇದ್ದರು, ಅದಕ್ಕೆ. 1997ರಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿ ಹುಡುಗರು ತೂಕ ಇಳಿಸೋಕೆ ಬೆವರು ಹರಿಸಿ ಹರಿಸಿ ಸತ್ತರು. ವಾರಗಳ ಅಂತರದಲ್ಲಿ ಮೂವರು. ಹೆದರಿಸೋಕೆ ಹೇಳುತ್ತಿದ್ದೇನೆ, ಹೌದು. ನೀರು ಬಿಟ್ಟರೆ ಮೊದಲು ರಕ್ತದಲ್ಲಿನ ನೀರೇ ಹೋಗುತ್ತದೆ, ಹೃದಯ ಓಡೋಕೆ ಶುರು ಮಾಡುತ್ತದೆ, ಉಪ್ಪಿನಂಶ ಏರುಪೇರಾಗುತ್ತದೆ. ಅಂಥವರಿಗೆ ಡ್ರಿಪ್ ಹಾಕಿದ ಕೈ ಇದು.

ಮುಟ್ಟು ನಿಂತಿದ್ದು ಒಳ್ಳೇದೇ ಆಯ್ತು, ಪ್ರಾಕ್ಟೀಸಿಗೆ ತೊಂದರೆ ಇಲ್ಲ ಅಂತ ಹಾಸ್ಟೆಲ್ ಹುಡುಗಿಯರು ಮಾತಾಡಿಕೊಳ್ಳುತ್ತೀರಂತೆ. ಹಾಗಲ್ಲ ಮಗಳೇ. ತಿಂದದ್ದು ಸಾಲದೆ ಹೋದಾಗ ದೇಹ ಮೊದಲು ನಿಲ್ಲಿಸುವ ಕೆಲಸಗಳಲ್ಲಿ ಅದೊಂದು. ಅದು ನಿಂತರೆ ಮೂಳೆಗೆ ಬೇಕಾದ ಹಾರ್ಮೋನೂ ಕಡಿಮೆಯಾಗುತ್ತದೆ. ಮೂಳೆ ಗಟ್ಟಿಯಾಗುವುದು ನಿನ್ನ ಈ ವಯಸ್ಸಿನಲ್ಲಿ. ಈಗ ಕೂಡಿಟ್ಟದ್ದನ್ನೇ ನಲವತ್ತರ ನಂತರ ಖರ್ಚು ಮಾಡುವುದು. ನಿನ್ನ ಆಟವೋ, ದಿನಕ್ಕೆ ಎಷ್ಟು ಸಲ ಬೆನ್ನಡಿ ಬೀಳುತ್ತೀಯ ಲೆಕ್ಕ ಇದೆಯಾ? ಬರಿದಾದ ಮೂಳೆ ಇಟ್ಟುಕೊಂಡು ಆ ಮ್ಯಾಟ್ ಮೇಲೆ ಬೀಳಬೇಡ.

ನಿನ್ನ ಎತ್ತರ ಈಗ 164. ಅದಕ್ಕೆ 48 ಕೆಜಿ ಅಂದರೆ 17.8. 52 ಅಂದರೆ 19.3, ಬಿಲೊದಿದ್ 57ಕ್ಕೆ ಹೋದಾಗ ಬಂದ ಅಂಕಿಯೇ. ನೀನು ಸರಿಯಾಗಿ ಊಟ ಮಾಡಿದ ವಾರ 51 ಇರುತ್ತೀಯ. ಅಂದರೆ ದೇಹ ಆಗಲೇ 52ಕ್ಕೆ ಹೋಗಿ ಕೂತಿದೆ, ನೀನು ಮಾತ್ರ ಇನ್ನೂ ಹಿಂದೆ ನಿಂತು ಎಳೆಯುತ್ತಿದ್ದೀಯ. 52ಕ್ಕೆ ಹೋದರೆ ಮೊದಲ ಕೆಲವು ಕೂಟ ಸೋಲುತ್ತೀಯ, ಈಗಲೇ ಹೇಳಿಬಿಡುತ್ತೇನೆ. ಹಿಡಿತ ಬಿಡಿಸಿಕೊಳ್ಳೋಕೆ ಆಗುವುದಿಲ್ಲ, ಮೂರು ಶಿದೊ, ಅಂದರೆ ಮೂರು ದಂಡನೆ, ತಗೊಂಡು ಹೊರಗೆ ಬರುತ್ತೀಯ. ಆ ವರ್ಷವನ್ನು ಹಾಗೇ ಹೋಗಲು ಬಿಡು. ಚೆನ್ನಾಗಿ ತಿನ್ನು, ಜಿಮ್ಮಿನಲ್ಲಿ ಭಾರ ಎತ್ತು, ನೆಲದ ಮೇಲಿನ ಆಟ ಕಲಿ. ಸದ್ಯ ನೀನು ಎಸೆಯುವುದನ್ನು ಮಾತ್ರ ಕಲಿತಿದ್ದೀಯ ಅಂತ ನನ್ನ ಅನುಮಾನ.

ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ಮಾಡಿಸು. ವಿಟಮಿನ್ ಡಿ ಕೂಡ. ಚೀಟಿಯನ್ನು ವಾಟ್ಸ್‌ಆ್ಯಪ್ ಮಾಡು. ಮುಟ್ಟಿನ ವಿಷಯಕ್ಕೆ ಲೇಡಿ ಡಾಕ್ಟರ್ ಹತ್ತಿರ ಹೋಗಲೇಬೇಕು, ಅಮ್ಮನಿಗೆ ಹೇಳಿದ್ದೇನೆ. ಈ ಸೆಲೆಕ್ಷನ್‌ಗೆ ಹೆಸರು ಆಗಲೇ 48ರಲ್ಲಿ ಕೊಟ್ಟಿದ್ದರೆ ಬದಲಿಸೋಕೆ ಆಗುತ್ತದಾ ಅಂತ ನಿಮ್ಮ ಸರ್‌ನ ಕೇಳು. ಆಗದಿದ್ದರೆ ಈ ಸಲ ಬಿಟ್ಟುಬಿಡು. ಅವರು ಒಪ್ಪದಿದ್ದರೆ ನೀನು ಎದುರು ಮಾತಾಡೋಕೆ ಹೋಗಬೇಡ. ಅವರ ನಂಬರ್ ನನಗೆ ಕಳಿಸು, ನಾನು ಮಾತಾಡುತ್ತೇನೆ.

ನಿನ್ನ ದೊಡ್ಡಮ್ಮ